ಚೀಲ ನೋಡದೆ ಬೆಕ್ಕಿನ ಆಹಾರ ಕೊಳ್ಳಬೇಡಿ

ದಾವಣಗೆರೆಯ ಕೆಲವು ಪೆಟ್ ಶಾಪ್‌ಗಳಲ್ಲಿ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳಿಗೆ ಸುರಿದಿಟ್ಟು, ಕೇಳಿದಷ್ಟು ತೂಗಿ ಕೊಡುವ ‘ಲೂಸ್’ ಕ್ಯಾಟ್ ಫುಡ್ ಸಿಗುತ್ತದೆ. ಕಂಪನಿಯ ಪ್ಯಾಕೆಟ್ಟಿಗಿಂತ ಅದರ ಬೆಲೆ ಸಾಕಷ್ಟು ಕಡಿಮೆ. ಅದನ್ನು ಯಾರೂ ಕೊಳ್ಳಬಾರದೆಂದು ಹೇಳುವುದಕ್ಕಾಗಿಯೇ ನಮ್ಮ ಮನೆಯ ಬೆಕ್ಕಿಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯೊಳಗೆ ಮಾಂಸ, ಮೀನು, ಮೊಟ್ಟೆ ಬರುವುದಿಲ್ಲ. ಇಂಥ ಮನೆಗಳು ನಮ್ಮೂರಿನಲ್ಲಿ ಬಹಳ ಇರುವುದರಿಂದ, ಅಡುಗೆಮನೆಗೆ ಮಾಂಸ ತರದೆ ಬೆಕ್ಕಿನ ಹೊಟ್ಟೆ ತುಂಬಿಸಲು ಕಾಳಿನಾಕಾರದ ಒಣ ಸಿದ್ಧ ಆಹಾರವೇ ಅನುಕೂಲವೆಂದು ಅನೇಕರು ಅದನ್ನು ತರುತ್ತಾರೆ. ಹಿಂದೆ ಹಾಲನ್ನ ತಿಂದೇ ಬೆಕ್ಕುಗಳು ಬೆಳೆಯುತ್ತಿರಲಿಲ್ಲವೇ ಎಂದು ಹಿರಿಯರು ಕೇಳುವುದುಂಟು. ಆ ಬೆಕ್ಕುಗಳು ಹಿತ್ತಲಲ್ಲಿ ಇಲಿ, ಹಲ್ಲಿಗಳನ್ನು ಹಿಡಿದು ತಮಗೆ ಬೇಕಾದ ಮಾಂಸವನ್ನು ತಾವೇ ಸಂಪಾದಿಸಿಕೊಳ್ಳುತ್ತಿದ್ದವು. ಮೂರನೇ ಮಹಡಿಯ ಬಾಗಿಲು ದಾಟದ ಬೆಕ್ಕಿಗೆ ಆ ದಾರಿಯಿಲ್ಲ. ನಾವು ತಟ್ಟೆಗೆ ಹಾಕಿದ್ದಷ್ಟೇ ಅದರ ಆಹಾರ.

ನಾವು ಕೊಳ್ಳುತ್ತಿದ್ದ ಅಂಗಡಿಯವರು ತಮ್ಮ ಡಬ್ಬಿಯಲ್ಲಿರುವುದು ಒಳ್ಳೆಯ ಕಂಪನಿಯ ಮಾಲೇ, ದೊಡ್ಡ ಚೀಲ ಒಡೆದು ಮಾರುವುದರಿಂದ ಅಗ್ಗಕ್ಕೆ ಕೊಡುತ್ತೇವೆ ಎಂದಿದ್ದರು. ಬೆಕ್ಕು ಅದನ್ನು ಇಷ್ಟಪಟ್ಟು ತಿಂದಿತು. ಕೆಲವು ತಿಂಗಳಲ್ಲಿ ಅದರ ಕೂದಲು ಒರಟಾಯಿತು, ಆಟ ಕಡಿಮೆಯಾಯಿತು. ಆಮೇಲೊಂದು ದಿನ ಅದು ತನ್ನ ಮಣ್ಣಿನ ಟ್ರೇಗೆ ಮತ್ತೆ ಮತ್ತೆ ಹೋಗಿ ಕುಳಿತು, ತಿಣುಕಿ, ಏನೂ ಆಗದೆ ಎದ್ದು ಬರತೊಡಗಿತು. ನೋಡುವವರಿಗೆ ಅದು ಮಲಬದ್ಧತೆಯಂತೆಯೇ ಕಾಣುತ್ತದೆ. ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡಿ, ಮೂತ್ರನಾಳ ಕಟ್ಟಿಕೊಂಡಿದೆ, ಮೂತ್ರಚೀಲ ಕಲ್ಲಿನಂತೆ ಬಿಗಿದಿದೆ ಎಂದರು. ಅರಿವಳಿಕೆ ಕೊಟ್ಟು, ಮೂತ್ರನಾಳಕ್ಕೆ ಕ್ಯಾತಿಟರ್ ಎಂಬ ಸಣ್ಣ ಕೊಳವೆ ಹಾಕಿ ತೆರವು ಮಾಡಿದ್ದರಿಂದ ಬೆಕ್ಕು ಉಳಿಯಿತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದಾದ್ದರಿಂದ ಅದು ಬೇಗ ಮುಚ್ಚಿಕೊಳ್ಳುತ್ತದೆ. ಮೂತ್ರ ಪೂರ್ತಿ ನಿಂತರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ, ಎರಡು ಮೂರು ದಿನಗಳೊಳಗೆ ಪ್ರಾಣವೇ ಹೋಗಬಹುದು. ಆದ್ದರಿಂದ ಈ ಲಕ್ಷಣ ಕಂಡಾಗ ಎಣ್ಣೆ ಕುಡಿಸುವುದು, ಬೆಳಗಾಗಲಿ ಎಂದು ಕಾಯುವುದು ಖಂಡಿತ ಬೇಡ.

ಯಾವ ಆಹಾರ ಕೊಡುತ್ತಿದ್ದೀರಿ, ಪ್ಯಾಕೆಟ್ ತೋರಿಸಿ ಎಂದು ವೈದ್ಯರು ಕೇಳಿದರು. ನಮ್ಮಲ್ಲಿ ಪ್ಯಾಕೆಟ್ಟೇ ಇರಲಿಲ್ಲ. ಮೂಲ ಚೀಲವನ್ನು ತೋರಿಸಬೇಕೆಂದು ಅಂಗಡಿಯಲ್ಲಿ ಪಟ್ಟು ಹಿಡಿದ ಮೇಲೆ ಒಳಗಿನಿಂದ ಬಂದ ಚೀಲದ ಮೇಲೆ ನಾಯಿಯ ಚಿತ್ರವಿತ್ತು. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಮೆಕ್ಕೆಜೋಳ, ಆಮೇಲೆ ಗೋಧಿ, ಸೋಯಾ ಇದ್ದವು. ದಿನಾಂಕ ಮುದ್ರಿಸಿದ ಮೂಲೆಯನ್ನು ಯಾರೋ ಕತ್ತರಿಸಿದ್ದರು. “ಎಲ್ಲಾ ಒಂದೇ ರೀ, ಬೆಕ್ಕು ತಿಂತದಲ್ಲ, ಇನ್ನೇನು ಬೇಕು?” ಎಂಬುದು ಅಂಗಡಿಯವರ ಉತ್ತರವಾಗಿತ್ತು.

ಎಲ್ಲವೂ ಒಂದೇ ಅಲ್ಲ. ನಾಯಿ ತನಗೆ ಬೇಕಾದ ಟಾರಿನ್ ಎಂಬ ಅಂಶವನ್ನು ಸಾಮಾನ್ಯವಾಗಿ ತನ್ನ ದೇಹದಲ್ಲೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹದಲ್ಲಿ ಅದು ಸಾಕಷ್ಟು ತಯಾರಾಗುವುದಿಲ್ಲ, ಮಾಂಸದಿಂದಲೇ ಸಿಗಬೇಕು, ಇಲ್ಲವೇ ಆಹಾರಕ್ಕೆ ಬೆರೆಸಿರಬೇಕು. ಬಹುಕಾಲ ಅದರ ಕೊರತೆಯಾದರೆ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಸಂಶೋಧಕರು 1987ರಲ್ಲಿ ಈ ಹೃದ್ರೋಗಕ್ಕೂ ಟಾರಿನ್ ಕೊರತೆಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟ ಮೇಲೆ ಕಂಪನಿಗಳು ಆಹಾರದಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಿದವು. ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ವ ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘವಾದ ಆಫ್ಕೋದ (AAFCO) ಮಾನದಂಡದಂತೆ ತೇವಾಂಶ ಕಳೆದ ಲೆಕ್ಕದಲ್ಲಿ ಬೆಳೆದ ನಾಯಿಯ ಆಹಾರದಲ್ಲಿ ಕನಿಷ್ಠ ಶೇ. 18 ಪ್ರೋಟೀನ್ ಇದ್ದರೆ ಸಾಕು. ಬೆಳೆದ ಬೆಕ್ಕಿಗೆ ಶೇ. 26, ಮರಿಗೆ ಶೇ. 30 ಬೇಕು.

ಮೂತ್ರ ಕಟ್ಟಿದ್ದಕ್ಕೆ ಆಹಾರವೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ. ಸ್ಥೂಲತೆ, ಓಡಾಟವಿಲ್ಲದಿರುವುದು, ಮನೆಯ ಬದಲಾವಣೆಯಿಂದಾಗುವ ಒತ್ತಡ ಇವೆಲ್ಲವೂ ಸೇರಬಹುದಂತೆ. ಆದರೆ ಮಾಂಸ ತಿನ್ನುವ ಬೆಕ್ಕಿನ ಮೂತ್ರ ಆಮ್ಲೀಯವಾಗಿರುತ್ತದೆ, ಧಾನ್ಯ ಹೆಚ್ಚಾದಾಗ ಅದು ಕ್ಷಾರೀಯವಾಗುತ್ತದೆ. ಕ್ಷಾರೀಯ ಮೂತ್ರದಲ್ಲಿ ಮೆಗ್ನೀಶಿಯಂ ಮತ್ತು ಫಾಸ್ಫೇಟ್ ಸೇರಿದ ಸ್ಟ್ರುವೈಟ್ ಹರಳುಗಳು ಸುಲಭವಾಗಿ ಕಟ್ಟುತ್ತವೆ, ಮತ್ತು ನಮ್ಮ ಬೆಕ್ಕಿನ ಮೂತ್ರದಲ್ಲಿ ಕಂಡದ್ದು ಅವೇ. ಇದರ ಜೊತೆಗೆ ಬೆಕ್ಕು ನೀರು ಕುಡಿಯುವುದೂ ಕಡಿಮೆ. ಒಣ ಕಾಳಿನಲ್ಲಿ ನೀರಿನಂಶ ಶೇ. 10ರ ಆಸುಪಾಸಿನಲ್ಲಿರುತ್ತದೆ, ಪೌಚಿನಲ್ಲಿ ಬರುವ ತೇವದ ಸಿದ್ಧ ಆಹಾರದಲ್ಲಿ ಶೇ. 75ಕ್ಕೂ ಹೆಚ್ಚು. ಏಪ್ರಿಲ್, ಮೇ ತಿಂಗಳ ನಮ್ಮೂರ ಬಿಸಿಲಿಗೆ ಕೇವಲ ಒಣ ಕಾಳು ತಿನ್ನುವ ಗಂಡು ಬೆಕ್ಕಿನ ಮೂತ್ರ ಎಷ್ಟು ಗಟ್ಟಿಯಾಗಬಹುದೆಂದು ಯೋಚಿಸಿ. ಅದೇ ಬಿಸಿಲಿಗೆ ಮುಚ್ಚಳ ತೆರೆದಿಟ್ಟ ಡಬ್ಬಿಯ ಕಾಳಿನ ಕೊಬ್ಬೂ ಕಮಟು ಹಿಡಿಯುತ್ತದೆ.

ಹಾಗಾಗಿ ಪ್ಯಾಕೆಟ್ಟಿನ ಹಿಂಬದಿಯನ್ನು ಅಂಗಡಿಯಲ್ಲೇ ನಿಂತು ಓದಿ. ಅದು ಸಂಪೂರ್ಣ ಮತ್ತು ಸಮತೋಲಿತ ಆಹಾರವೆಂದು, ಮರಿಗೋ ಬೆಳೆದ ಬೆಕ್ಕಿಗೋ ಎಂದು ಸ್ಪಷ್ಟವಾಗಿ ಬರೆದಿರಬೇಕು. ಟಾರಿನ್ ಹೆಸರು ಪಟ್ಟಿಯಲ್ಲಿರಬೇಕು. ಬೆಕ್ಕುಗಳು ನೆಕ್ಕಲು ಹಾತೊರೆಯುವ ಕ್ರೀಮಿನ ಕಡ್ಡಿ ಪ್ಯಾಕೆಟ್ಟುಗಳಲ್ಲಿ ಸಾಮಾನ್ಯವಾಗಿ ‘ಪೂರಕ ಆಹಾರ’ ಎಂಬರ್ಥದ ಇಂಗ್ಲಿಷ್ ಮಾತು ಸಣ್ಣ ಅಕ್ಷರದಲ್ಲಿರುತ್ತದೆ. ಅವು ತಿಂಡಿಯೇ ಹೊರತು ಊಟವಲ್ಲ. ಇನ್ನೊಂದು ಮೋಸಕ್ಕೂ ಒಳಗಾಗಬೇಡಿ: ಕಾಳಿನಲ್ಲಿ ಪ್ರೋಟೀನ್ 30, ಪೌಚಿನಲ್ಲಿ ಬರೀ 8, ಆದ್ದರಿಂದ ಪೌಚ್ ದಂಡವೆಂದು ಅಂಗಡಿಯವರು ಹೇಳುತ್ತಾರೆ. ಪೌಚಿನಲ್ಲಿ ನೀರು ಶೇ. 82 ಇದ್ದರೆ ಉಳಿಯುವ 18 ಭಾಗದಲ್ಲಿ 8 ಭಾಗ ಪ್ರೋಟೀನ್, ಅಂದರೆ ಶೇ. 44, ಕಾಳಿನಲ್ಲಿ ನೀರು ಕಳೆದರೆ ಬರುವುದು ಶೇ. 33 ಮಾತ್ರ.

ಹಳೆಯ ಆಹಾರ ಕೆಟ್ಟದ್ದೆಂದು ತಿಳಿದ ಕೂಡಲೇ ಒಮ್ಮೆಲೇ ಬದಲಿಸಲೂ ಹೋಗಬೇಡಿ. ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ವಾರ, ಹತ್ತು ದಿನದಲ್ಲಿ ಪೂರ್ತಿ ಬದಲಾಯಿಸಬೇಕು. ಹಸಿದರೆ ತಾನಾಗಿ ತಿನ್ನುತ್ತದೆಂದು ಬೆಕ್ಕನ್ನು ಉಪವಾಸ ಕೆಡವಿದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಕೆಲವೇ ದಿನಗಳಲ್ಲಿ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಕಾಯಿಲೆ ಬೀಳಬಹುದು. ಮೂತ್ರದ ತೊಂದರೆಗೆಂದು ಸಿಗುವ ವಿಶೇಷ ಆಹಾರವನ್ನು ವೈದ್ಯರನ್ನು ಕೇಳದೆ ತರಬಾರದು. ಸ್ಟ್ರುವೈಟ್ ಕರಗಿಸುವ ಆಹಾರ ಇನ್ನೊಂದು ಬಗೆಯ ಕಲ್ಲಾದ ಆಕ್ಸಲೇಟನ್ನು ಕರಗಿಸುವುದಿಲ್ಲ.

ಅಂಗಡಿಯ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ, ಏಕೆಂದರೆ ಅಂಥದೇ ಡಬ್ಬಿಗಳನ್ನು ಬೇರೆ ಕಡೆಯೂ ಕಂಡಿದ್ದೇನೆ. ಕೊಂಡದ್ದಕ್ಕೆ ರಸೀದಿ ಪಡೆಯಿರಿ, ಪ್ಯಾಕೆಟ್ಟಿನ ಫೋಟೊ ಇಟ್ಟುಕೊಳ್ಳಿ. ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು ಯಾವುದೂ ಇಲ್ಲದ ಪ್ಯಾಕೆಟ್ ಮಾರಿದರೆ, ಅಥವಾ ನಾಯಿಯ ಆಹಾರವನ್ನು ಬೆಕ್ಕಿನದೆಂದು ತೂಗಿ ಕೊಟ್ಟರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.