ಹಳೇ ಜೆಬಿಎಲ್, ಬ್ಲ್ಯಾಕ್ ವಿಡೋ, ಇವಿಎಂ, ಆಕ್ಸ್‌ಫರ್ಡ್ ಸ್ಪೀಕರ್‌ಗಳು: ಗಿಟಾರ್‌ಗೆ ಯಾವ್ದು, ಪೆಡಲ್ ಸ್ಟೀಲ್‌ಗೆ ಯಾವ್ದು

ನನ್ನ ಹತ್ರ ಎರಡು ಆಂಪ್ ಇದೆ. ಒಂದು 1969ರ ಫೆಂಡರ್ ಸಿಲ್ವರ್‌ಫೇಸ್ ಟ್ವಿನ್ ರಿವರ್ಬ್, ವಾಲ್ವ್ ಆಂಪು, 85 ವ್ಯಾಟ್, ಎರಡು 12 ಇಂಚಿನ ಸ್ಪೀಕರ್, ಇದು ಗಿಟಾರ್‌ಗೆ. ಇನ್ನೊಂದು ಪೀವಿ ನ್ಯಾಶ್‌ವಿಲ್ 400, ಟ್ರಾನ್ಸಿಸ್ಟರಿಂದು, ಒಂದೇ ಒಂದು 15 ಇಂಚು, ಇದು ಪೆಡಲ್ ಸ್ಟೀಲ್‌ಗೆ (ಮಲಗಿಸಿಟ್ಟ ಗಿಟಾರ್ ಥರದ ವಾದ್ಯ, ತಂತಿ ಮೇಲೆ ಲೋಹದ ಬಾರ್ ಜಾರಿಸಿ ನುಡಿಸೋದು, ಕಾಲಿನ ಪೆಡಲ್ ಒತ್ತಿ ತಂತಿಯ ಶ್ರುತಿ ಬದಲಿಸೋದು). ಒಂದೇ ವರ್ಷದಲ್ಲಿ ಎರಡರ ಸ್ಪೀಕರ್ರೂ ಹೋದ್ವು, ಎರಡೂ ನನ್ನ ತಪ್ಪೇ, ಜೋರು ಜಾಸ್ತಿ ಮಾಡ್ಕೊಂಡು ಕೂತಿದ್ದೆ. ಸರಿ, ಹಾಕೋದಾದ್ರೆ ಹಳೇದೇ ಹಾಕೋಣ ಅಂತ ಒಂದೊಂದಾಗಿ ತಂದು, ಕೊಂಡು, ಸಾಲ ಇಸ್ಕೊಂಡು, ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಒಟ್ಟು ಏಳು ಥರ ಕೇಳಿದೀನಿ. ಅದರ ಕಥೆ ಇದು.

ಗಿಟಾರ್‌ಗೂ ಸ್ಟೀಲ್‌ಗೂ ಬೇಕಾಗಿರೋದು ಹೆಚ್ಚುಕಮ್ಮಿ ಉಲ್ಟಾ. ಗಿಟಾರ್‌ನಲ್ಲಿ ಸ್ಪೀಕರ್ ಸ್ವಲ್ಪ ಒಡೆದ್ರೆ (ಅಂದ್ರೆ ದನಿ ಡಿಸ್ಟಾರ್ಟ್ ಆದ್ರೆ) ಚೆಂದ, ಕೋನು, ಅಂದ್ರೆ ಅದರ ಕಾಗದದ ಶಂಕು, ತಾನೂ ಒಂದಿಷ್ಟು ಬಣ್ಣ ಹಾಕತ್ತೆ. ಸ್ಟೀಲ್‌ನಲ್ಲಿ ವಾಲ್ಯೂಮ್ ಪೆಡಲ್ ಮೇಲೇ ಕಾಲು ಇರತ್ತೆ, ಮೀಟಿದಾಗ ಅರ್ಧ ಒತ್ತಿರ್ತೀವಿ, ನಾದ ಕರಗ್ತಾ ಹೋದ ಹಾಗೆ ಇನ್ನಷ್ಟು ಒತ್ತಿ ಅದನ್ನ ಎಳ್ಕೊಂಡು ಹೋಗ್ತೀವಿ, ಹಾಗಾಗಿ ಆಂಪಲ್ಲೂ ಸ್ಪೀಕರಲ್ಲೂ ಯಾವಾಗ್ಲೂ ಮೀಸಲು ಶಕ್ತಿ ಇರ್ಬೇಕು. ಜೊತೆಗೆ ಎರಡು ಮೂರು ತಂತಿ ಒಟ್ಟಿಗೆ ನುಡಿಸಿ ಒಂದನ್ನ ಮಾತ್ರ ಪೆಡಲ್‌ನಲ್ಲಿ ಎಳೆದಾಗ, ಸ್ಪೀಕರ್ ಒಡೀತಿದ್ರೆ ಸ್ವರ ಸ್ವರ ಗುದ್ದಾಡಿ ಎಲ್ಲಾ ಕಲಸುಮೇಲೋಗರ. ಇನ್ನು ಮಂದ್ರದ ವಿಷ್ಯ: ಸ್ಟೀಲ್‌ಗೆ ಇ9, ಸಿ6 ಅಂತ ಎರಡು ಶ್ರುತಿ ಇದೆ, ಇ9 ಶ್ರುತಿಯಲ್ಲಿ ಹತ್ತನೇ ತಂತಿ ಸುಮಾರು 123 ಹರ್ಟ್ಜ್, ಅದನ್ನ ಯಾವ ಸ್ಪೀಕರಾದ್ರೂ ಹೊರತ್ತೆ, ಆದ್ರೆ ಸಿ6 ಕಡೆ ಹೋದ್ರೆ ಕೆಳಗಿನ ತಂತಿ 65 ಹರ್ಟ್ಜ್, ಅಂದ್ರೆ ಗಿಟಾರಿನ ಅತಿ ದಪ್ಪ ತಂತಿಗಿಂತಲೂ (ಅದು 82) ಕೆಳಗೆ. ಸ್ಟೀಲ್‌ನವ್ರು 15 ಇಂಚು 15 ಇಂಚು ಅಂತ ಜಪ ಮಾಡೋದು ಸುಮ್ನೆ ಅಲ್ಲ.

ಮೊದ್ಲು ಟ್ವಿನ್. ಅದರಲ್ಲಿ ಇದ್ದಿದ್ದು ಆಕ್ಸ್‌ಫರ್ಡ್ 12ಟಿ6. ಬ್ಯಾಸ್ಕೆಟ್ (ಕೋನು ಹಿಡಿದಿರೋ ಲೋಹದ ಚೌಕಟ್ಟು) ಮೇಲೆ 465-922 ಅಂತ ಮುದ್ರೆ ಇತ್ತು, 465 ಅಂದ್ರೆ ಆಕ್ಸ್‌ಫರ್ಡ್, 9 ಅಂದ್ರೆ 69ನೇ ಇಸವಿ, 22 ಅಂದ್ರೆ ಇಪ್ಪತ್ತೆರಡನೇ ವಾರ. ಜೆನ್ಸನ್ ಆದ್ರೆ 220, ಎಮಿನೆನ್ಸ್ ಆದ್ರೆ 67 ಅಂತ ಶುರುವಾಗತ್ತೆ. ವರ್ಷಕ್ಕೆ ಒಂದೇ ಅಂಕಿ ಇರೋದ್ರಿಂದ ಅದು 59ಓ 69ಓ 79ಓ ಅಂತ ಆಂಪ್ ನೋಡೇ ತೀರ್ಮಾನ ಮಾಡ್ಬೇಕು. ಎರಡರಲ್ಲಿ ಒಂದು ಸುಟ್ಟಿತ್ತು, ಇನ್ನೊಂದು ಇನ್ನೂ ಗಟ್ಟಿ. ಆಕ್ಸ್‌ಫರ್ಡ್ ಬಗ್ಗೆ ಜನ ಒಳ್ಳೇ ಮಾತಾಡೋದು ಕಮ್ಮಿ, ನನಗಂತೂ ಇಷ್ಟ, ದನಿ ಸ್ವಲ್ಪ ಮೆತ್ತಗೆ, ಬೇಗ ಒಡೆಯತ್ತೆ, ಆದ್ರೆ ಒಡೆಯೋ ರೀತಿ ಮುದ್ದಾಗಿದೆ.

ಸುಟ್ಟಿದ್ದರ ಜಾಗಕ್ಕೆ ಜೆಬಿಎಲ್ ಡಿ120ಎಫ್ ಒಂದು ಸಿಕ್ತು, ಒಂದೇ ಸಾಕು, ಒಂದು ಆಕ್ಸ್‌ಫರ್ಡ್ ಒಂದು ಜೆಬಿಎಲ್ ಇದ್ರೆ ಎರಡರ ಗುಣವೂ ಬರತ್ತೆ ಅಂತ ಲೆಕ್ಕ ಹಾಕಿ ಕೂರಿಸ್ದೆ. ಸ್ನೇಹಿತ ಪಕ್ಕದಲ್ಲೇ ಇದ್ದ, ನಾನು ಒಂದು ಕಾರ್ಡ್ ಬಾರಿಸಿದ ಕೂಡ್ಲೇ "ಏನೋ ಇದು, ಬೇಸ್ ಎಲ್ಲೋಯ್ತೋ?" ಅಂದ. ನಿಜವಾಗ್ಲೂ ಹೋಗಿತ್ತು, ಟಿನ್ ಡಬ್ಬಿ ಬಾರಿಸಿದ ಹಾಗೆ. ಅರ್ಧ ಗಂಟೆ ವಾಲ್ವು, ವೈರು ಅಂತ ತಡಕಾಡಿದ ಮೇಲೆ ಟಾರ್ಚಿನ ಒಂದೂವರೆ ವೋಲ್ಟ್ ಸೆಲ್ ತಗೊಂಡು ಪ್ಲಸ್ಸನ್ನ ಕೆಂಪು ಟರ್ಮಿನಲ್‌ಗೆ ಮುಟ್ಟಿಸಿ ನೋಡ್ದೆ, ಆಕ್ಸ್‌ಫರ್ಡ್ ಕೋನು ಪಟ್ ಅಂತ ಮುಂದೆ ಬಂತು, ಜೆಬಿಎಲ್‌ದು ಒಳಗೆ ಹೋಯ್ತು! ಹಳೇ ಜೆಬಿಎಲ್‌ಗಳಲ್ಲಿ ಧ್ರುವ ಉಲ್ಟಾ, ಕಪ್ಪಿಗೆ ಪ್ಲಸ್ ಕೊಟ್ರೆ ಕೋನು ಮುಂದೆ ಬರೋದು. ಒಂದು ತಳ್ಳುವಾಗ ಇನ್ನೊಂದು ಎಳೀತಿತ್ತು, ಮಂದ್ರ ಪೂರಾ ಗಾಳಿಯಲ್ಲೇ ಕಟ್ ಆಗ್ತಿತ್ತು. ಜೆಬಿಎಲ್ ವೈರ್ ಅದಲು ಬದಲು ಮಾಡಿದ್ಮೇಲೆ ಬೇಸ್ ವಾಪಸ್. ಬೇರೆ ಬೇರೆ ಕಂಪನಿ ಸ್ಪೀಕರ್ ಜೋಡಿ ಮಾಡೋರು ಈ ಸೆಲ್ ಪರೀಕ್ಷೆ ಮಾಡ್ದೆ ಹಿಂದಿನ ಪ್ಯಾನೆಲ್ ಮುಚ್ಚಲೇಬೇಡಿ.

ವಾಪಸ್ ಬಂದ್ಮೇಲೂ ಜೋಡಿ ಸರಿಹೋಗ್ಲಿಲ್ಲ ಅನ್ನಿ. ಜೆಬಿಎಲ್ ಎಷ್ಟು ಜೋರು ಅಂದ್ರೆ ಪಕ್ಕದ ಆಕ್ಸ್‌ಫರ್ಡ್ ಕೇಳಿಸೋದೇ ಇಲ್ಲ. ಸ್ಪೀಕರಿನ ಡಿಬಿ ಅಂಕಿಯನ್ನ (ಒಂದು ವ್ಯಾಟ್ ಕೊಟ್ರೆ ಎಷ್ಟು ಜೋರು ಅನ್ನೋದು) ಯಾರೂ ನೋಡಲ್ಲ, ವ್ಯಾಟ್ ಮಾತ್ರ ನೋಡ್ತಾರೆ, ಆದ್ರೆ ಪ್ರತಿ 3 ಡಿಬಿಗೂ ಆಂಪಿನ ಶಕ್ತಿ ಡಬಲ್ ಮಾಡಿದ ಹಾಗೆ. 100 ಡಿಬಿ ಸ್ಪೀಕರ್‌ಗೆ 25 ವ್ಯಾಟ್ ಕೊಟ್ರೆ ಎಷ್ಟು ಜೋರೋ, 94 ಡಿಬಿ ಸ್ಪೀಕರ್‌ಗೆ ಅಷ್ಟಕ್ಕೆ 100 ವ್ಯಾಟ್ ಬೇಕು. ಗಿಟಾರ್‌ನಲ್ಲಿ ಜೆಬಿಎಲ್ ಗಾಜಿನ ಥರ ಸ್ವಚ್ಛ, ಅಲ್ಯೂಮಿನಿಯಂ ಡೋಮ್‌ನಿಂದ ಟಿಂಗ್ ಅನ್ನೋ ಒಂದು ಮಿಂಚು ಬರತ್ತೆ, ಬ್ರಿಡ್ಜ್ ಪಿಕಪ್ ಹಾಕಿ ಟ್ರೆಬಲ್ 5ರ ಮೇಲೆ ತಂದ್ರೆ ಕಿವಿಗೆ ಸೂಜಿ.

ಆಮೇಲೆ ಜೆನ್ಸನ್ ಸಿ12ಎನ್ ಒಂದು ಜೋಡಿ ಎರವಲು ತಂದೆ, ಒಂದೊಂದು 50 ವ್ಯಾಟಿಂದು. ಇದು ಮೇಲಿನ ಸ್ವರಗಳಲ್ಲಿ ಹೊಳಪು ಕೊಡತ್ತೆ, ಕೆಳಗೆ ಬಿಗಿ, ಜೋರು ಮಾಡಿದಾಗ ಆಕ್ಸ್‌ಫರ್ಡ್ ಹಾಗೆ ಕುಸಿಯಲ್ಲ. ಎಲೆಕ್ಟ್ರೋ-ವಾಯ್ಸ್ ಇವಿಎಂ12ಎಲ್ ಕೂಡ ಒಂದು ವಾರ ಹಾಕಿದ್ದೆ. 200 ವ್ಯಾಟ್ ತಡೆಯತ್ತೆ, ಒಡೆಯೋ ಮಾತೇ ಇಲ್ಲ, ಮಧ್ಯದ ಸ್ವರ ತುಂಬಾ ದಪ್ಪ, ಆದ್ರೆ ಒಂದೊಂದೂ ಎಂಟೂವರೆ ಕೇಜಿ! ಟ್ವಿನ್ ಮೊದ್ಲೇ ಬೆನ್ನು ಮುರಿಯೋ ಆಂಪು, ಎರಡು ಇವಿಎಂ ಹಾಕಿದ್ರೆ ಅದು ಮನೆಯ ಸಾಮಾನು, ಎಲ್ಲಿಟ್ರೋ ಅಲ್ಲೇ. ಕೊನೆಗೆ ಗಿಟಾರ್‌ಗೆ ಒಂದು ಆಕ್ಸ್‌ಫರ್ಡ್, ಒಂದು ಸಿ12ಎನ್. ಎರಡೂ 8 ಓಮ್, ಪ್ಯಾರಲಲ್‌ನಲ್ಲಿ 4, ಟ್ವಿನ್ ಕೇಳೋದೂ 4.

ಈಗ ಸ್ಟೀಲ್. ಇಲ್ಲಿ ನನ್ನ ಕಣ್ಣಿದ್ದಿದ್ದು ಜೆಬಿಎಲ್ ಡಿ130ಎಫ್ ಮೇಲೆ. 1940ರ ದಶಕದ ಕೊನೆಯ ಡಿ130 ಇದ್ಯಲ್ಲ, ಅದರ ಗಿಟಾರ್ ಆವೃತ್ತಿ, ವಾಯ್ಸ್ ಕಾಯಿಲ್ (ಕೋನನ್ನ ಅಲುಗಿಸೋ ತಂತಿ ಸುರುಳಿ) ಸುತ್ತ ಮ್ಯಾಗ್ನೆಟ್ಟಿನ ಗ್ಯಾಪ್ ಸ್ವಲ್ಪ ಅಗಲ ಮಾಡಿದಾರೆ, ಒರಟಾಗಿ ಬಳಸಿದ್ರೂ ಉಜ್ಜದೆ ಇರ್ಲಿ ಅಂತ. 4 ಇಂಚಿನ ಕಾಯಿಲ್, ಅಲ್ನಿಕೋ ಮ್ಯಾಗ್ನೆಟ್. ಆಮೇಲೆ ಕೆ130 ಬಂತು, ಅದೂ ಅಲ್ನಿಕೋ. 1978ರ ಸುಮಾರಿಗೆ ಜೈರ್‌ನ (ಈಗಿನ ಕಾಂಗೋ) ಗಲಾಟೆಯಿಂದ ಅಲ್ನಿಕೋಗೆ ಬೇಕಾದ ಕೋಬಾಲ್ಟ್ ಸಿಗದೆ ಎಲ್ಲರೂ ಫೆರೈಟ್ ಮ್ಯಾಗ್ನೆಟ್‌ಗೆ ಹೋದ್ರು, ಹಾಗೆ ಬಂದಿದ್ದು ಇ130, 150 ವ್ಯಾಟ್, 105 ಡಿಬಿ.

ನನಗೆ ಡಿ130ಎಫ್ ಮಾರಿದವ್ರು "ಒರಿಜಿನಲ್ ಕೋನ್" ಅಂದಿದ್ರು. ಮನೆಗೆ ತಂದು ಮೇಜಿನ ಮೇಲೆ ಮಲಗಿಸಿ, ಎರಡೂ ಕೈಯ ಬೆರಳುಗಳನ್ನ ಡೋಮ್ ಸುತ್ತ ಸಮವಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಟ್ಟೆ, ಒತ್ತುವಾಗ ಕರ್ ಕರ್ ಅಂತ ಮರಳು ಉಜ್ಜಿದ ಸದ್ದು. ಡೋಮ್ ಅಂಚಲ್ಲಿ ಅಂಟು ಬೇರೆ ಹೊಸದು, ಇನ್ನೂ ಹೊಳೀತಿತ್ತು. ಯಾರೋ ಸಿಕ್ಕ ಕಿಟ್ ಹಾಕಿ ರೀಕೋನ್ ಮಾಡಿ (ಹೊಸ ಕೋನು ಕೂರಿಸಿ), ಅದೂ ಓರೆಯಾಗಿ ಕೂರಿಸಿದ್ರು. ಕೊಂಡಾಗ ಈ ಹತ್ತು ಸೆಕೆಂಡಿನ ಕೆಲ್ಸ ಅಲ್ಲೇ ಮಾಡ್ಬೇಕಿತ್ತು, ಮೀಟರ್ ಮಾತ್ರ ಇಟ್ಟು 6 ಓಮ್ ಚಿಲ್ಲರೆ ತೋರಿಸ್ತು ಅಂತ ಖುಷಿಪಟ್ಟು ಬಂದಿದ್ದೆ. (8 ಓಮ್ ಸ್ಪೀಕರ್ ಮೀಟರಲ್ಲಿ 6ರ ಆಸುಪಾಸೇ ತೋರಿಸೋದು, ಅದಕ್ಕೆ ಗಾಬರಿ ಬೇಡ. ಆದ್ರೆ ಮೀಟರಿಗೆ ಉಜ್ಜೋದು ಕೇಳಿಸಲ್ಲ.) ಆರು ತಿಂಗಳು ಬಿಟ್ಟು ಇನ್ನೊಂದು ಸಿಕ್ತು, ಇದು ನಿಜಕ್ಕೂ ಹಳೇ ಕೋನು, ಅದನ್ನ ನ್ಯಾಶ್‌ವಿಲ್‌ಗೆ ಹಾಕ್ದೆ.

ಗಿಟಾರ್‌ನಲ್ಲಿ ಸೂಜಿ ಅಂದೆನಲ್ಲ ಆ ಜೆಬಿಎಲ್ ಗುಣ, ಸ್ಟೀಲ್‌ನಲ್ಲಿ ಅದೇ ಬೆಳ್ಳಿ. ಮೇಲಿನ ಫ್ರೆಟ್‌ಗಳಲ್ಲಿ ಮೂರನೇ ತಂತಿ ನುಡಿಸಿ ಬಾರ್ ಅಲುಗಿಸಿದ್ರೆ ನಾದ ಸ್ಪೀಕರಿಂದ ಬಿಡಿಸ್ಕೊಂಡು ಮುಂದೆ ಬಂದು ನಿಲ್ಲತ್ತೆ. ಆಂಪ್ 4 ಓಮ್‌ಗೆ 210 ವ್ಯಾಟ್ ಕೊಡೋದು, 8 ಓಮ್ ಜೆಬಿಎಲ್ ಹಾಕಿದಾಗ ಅರ್ಧದಷ್ಟಾಯ್ತು, ಟ್ರಾನ್ಸಿಸ್ಟರ್ ಆಂಪಿಗೆ ಇದರಿಂದ ತೊಂದ್ರೆ ಇಲ್ಲ, ಜೋರೂ ಕಮ್ಮಿ ಅನ್ನಿಸ್ಲಿಲ್ಲ. ಆದ್ರೆ ಸಿ6ನಲ್ಲಿ ಕೆಳಗಿನ ತಂತಿ ಗಟ್ಟಿಯಾಗಿ ಮೀಟಿದ್ರೆ ಕೋನು ಏದುಸಿರು ಬಿಡೋದು ಗೊತ್ತಾಗತ್ತೆ, ಐವತ್ತು ವರ್ಷದ ಕಾಗದ ಅದು, ಪ್ರತಿ ಸಲ ನನ್ನ ಎದೆ ಡವಡವ.

ಇವಿಎಂ15ಎಲ್ ಇದಕ್ಕೆ ಪೂರ್ತಿ ವಿರುದ್ಧ. ಎಷ್ಟು ಮೀಟಿದ್ರೂ ಅಲ್ಲಾಡಲ್ಲ, ಸಿ6 ಅಂತೂ ಕಲ್ಲಿನ ಗೋಡೆ, ಆದ್ರೆ ಇ9ನಲ್ಲಿ ಮೇಲಿನ ಸ್ವರ ಸ್ವಲ್ಪ ಮೂಗಿನಲ್ಲಿ ಹಾಡಿದ ಹಾಗೆ, ಟೋನ್ ನಾಬ್ ತಿರುಗಿಸಿ ತಿರುಗಿಸಿ ಸಾಕಾಯ್ತು.

ಇಷ್ಟೆಲ್ಲಾ ಆದ್ಮೇಲೆ ಮೂಲೇಲಿ ಬಿದ್ದಿದ್ದ, ಆಂಪ್ ಜೊತೆಗೇ ಬಂದಿದ್ದ, ನಾನೇ ಸುಟ್ಟಿದ್ದ ಬ್ಲ್ಯಾಕ್ ವಿಡೋ 1501-4 ನೆನಪಾಯ್ತು. ಅದರಲ್ಲಿ ಒಂದು ಜಾಣತನ ಇದೆ, ಹಿಂದಿನ ಬೋಲ್ಟ್ ಬಿಚ್ಚಿದ್ರೆ ಕೋನು ಕಾಯಿಲ್ ಸಮೇತ ಬ್ಯಾಸ್ಕೆಟ್ ಪೂರಾ ಕಳಚಿ ಬರತ್ತೆ, ಮ್ಯಾಗ್ನೆಟ್ ಹಾಗೇ ಉಳಿಯತ್ತೆ, ಹೊಸ ಬ್ಯಾಸ್ಕೆಟ್ ಇಟ್ಟು ಬಿಗಿದ್ರೆ ಮುಗೀತು, ರೀಕೋನ್ ಮಾಡೋರನ್ನ ಹುಡುಕೋ ಗೋಳಿಲ್ಲ. ಬಿಗಿಯೋ ಮುಂಚೆ ಮಾಸ್ಕಿಂಗ್ ಟೇಪನ್ನ ಅಂಟು ಹೊರಗೆ ಬರೋ ಹಾಗೆ ಮಡಚಿ ಗ್ಯಾಪ್ ಒಳಗೆ ಒಂದು ಸುತ್ತು ಹಾಯಿಸಿದೆ, ಹೊರಗೆ ಬಂದಾಗ ಟೇಪ್ ತುಂಬಾ ಕಪ್ಪು ಪುಡಿ, ಅದರಲ್ಲಿ ಕೂದಲೆಳೆಯಷ್ಟು ಕಬ್ಬಿಣದ ಚೂರು ಎರಡು.

ದನಿ? ಜೆಬಿಎಲ್‌ನ ಬೆಳ್ಳಿ ಇಲ್ಲ, ಒಪ್ತೀನಿ. ಆದ್ರೆ ಇ9 ಸಿ6 ಎರಡನ್ನೂ ಒಂದೇ ಸೆಟ್ಟಿಂಗಲ್ಲಿ ಹೊರತ್ತೆ, 210 ವ್ಯಾಟೂ ತಗೊಳತ್ತೆ, ನಾಲ್ಕು ಗಂಟೆ ನುಡಿಸಿದ್ರೂ ನನ್ನ ಗಮನ ಸ್ಪೀಕರ್ ಕಡೆ ಹೋಗೋದೇ ಇಲ್ಲ. ಹೊರಗೆ ನುಡಿಸೋಕೆ ಹೋಗುವಾಗ ಅದೇ. ಡಿ130ಎಫ್‌ಗೆ ಬೇರೆ ಪೆಟ್ಟಿಗೆ ಮಾಡಿಸಿ ಮನೇಲಿ ಇಟ್ಕೊಂಡಿದೀನಿ, ಅದರ ಮುಂದೆ ಕೂತಾಗ ಇ9 ಮಾತ್ರ.