ಚೀಟಿ ಪೂರ್ತಿ ಓದುವ ಮೆಡಿಕಲ್ ಅಂಗಡಿ, ಗಾಂಧಿ ಚೌಕದ ಹತ್ತಿರ, ವಿಜಯಪುರ

ಅವ್ವನಿಗೆ ಹೃದಯದ ಮೈಟ್ರಲ್ ಕವಾಟ ಬದಲಾಯಿಸಿ ಆರು ವರ್ಷವಾಯಿತು. ಲೋಹದ ಕವಾಟ. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಅಸಿನೊಕೌಮರಾಲ್ ಗುಳಿಗೆ ದಿನಾ ಬೇಕು. ಐಎನ್‌ಆರ್, ಅಂದರೆ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಅಂತ ತೋರಿಸುವ ಲೆಕ್ಕ, 2.5ರಿಂದ 3.5ರ ಒಳಗೆ ಇರಬೇಕು ಅಂತ ಡಾಕ್ಟರ್ ಹೇಳಿದ್ದಾರೆ.

ಹೋದ ಶ್ರಾವಣದಲ್ಲಿ ಮೊಣಕಾಲು ನೋವು ಅಂತ ಬೇರೊಂದು ಅಂಗಡಿಯಲ್ಲಿ ಡೈಕ್ಲೊಫೆನಾಕ್ ತಂದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಮೂರನೇ ದಿನ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಮೂಗಿನಿಂದ ರಕ್ತ ಹನಿದು ಜೋಳದ ಹಿಟ್ಟಿನ ಮೇಲೆ ಬಿತ್ತು. ಅರ್ಧ ಗಂಟೆ ನಿಲ್ಲಲಿಲ್ಲ. ಆಸ್ಪತ್ರೆಗೆ ಓಡಿದೆವು. ಐಎನ್‌ಆರ್ 3.1, ಪ್ಲೇಟ್‌ಲೆಟ್ (ರಕ್ತ ನಿಲ್ಲಿಸುವ ಸಣ್ಣ ಕಣಗಳು) 2.4 ಲಕ್ಷ. ಎರಡೂ ಸರಿಯೇ ಇವೆ ಅಲ್ವಾ, ಮತ್ತೆ ಹೀಗೇಕಾಯಿತು?

ಇದನ್ನು ನನಗೆ ಬಿಡಿಸಿ ಹೇಳಿದವರು ಈ ಅಂಗಡಿಯ ಹಿರಿಯರು. "ತಮ್ಮಾ, ಹೊಲದ ಒಡ್ಡು ಒಡೆದ್ರ ಮೊದಲ ಕಲ್ಲು ಒಗಿತೀರಿ, ಆಮೇಲೆ ಮಣ್ಣು ಮೆತ್ತತೀರಿ. ಪ್ಲೇಟ್‌ಲೆಟ್ ಅಂದ್ರ ಕಲ್ಲು. ಅವ್ವಾರ ಗುಳಿಗಿ ಮಣ್ಣು ಕಡಿಮಿ ಮಾಡತೈತಿ, ಕಲ್ಲು ಮುಟ್ಟಂಗಿಲ್ಲ. ನೋವಿನ ಗುಳಿಗಿ ಕಲ್ಲಿಗೇ ಕೈ ಹಾಕತೈತಿ."

ಅವ್ವನ ಗುಳಿಗೆ ತಡೆಯುವುದು ವಿಟಮಿನ್ ಕೆ ಕೆಲಸವನ್ನು. ಅದರಿಂದ ಲಿವರ್‌ನಲ್ಲಿ ತಯಾರಾಗುವ ಹೆಪ್ಪುಗಟ್ಟಿಸುವ ಅಂಶಗಳು, ಅಂದರೆ ಹಿರಿಯರು ಹೇಳಿದ ಮಣ್ಣು, ಕಡಿಮೆಯಾಗುತ್ತವೆ. ಐಎನ್‌ಆರ್ ಅಳೆಯುವುದು ಇದನ್ನೇ. ಡೈಕ್ಲೊಫೆನಾಕ್ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ಕೆಡಿಸುತ್ತದೆ. ಲೆಕ್ಕ ಎರಡು ಲಕ್ಷ ದಾಟಿದರೂ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಸ್ಪಿರಿನ್ ಇನ್ನೂ ಗಟ್ಟಿ: ಅದು ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ, ಅಂದರೆ 7ರಿಂದ 10 ದಿನ, ಸರಿಹೋಗುವುದಿಲ್ಲ. ಹೃದಯದ ಡಾಕ್ಟರೇ ಲೆಕ್ಕ ಹಾಕಿ ಅಸಿನೊಕೌಮರಾಲ್, ಆಸ್ಪಿರಿನ್ ಎರಡನ್ನೂ ಬರೆದುಕೊಟ್ಟಿದ್ದರೆ ಆ ಮಾತು ಬೇರೆ, ಸುಮ್ನೆ ನಿಲ್ಲಿಸಬೇಡಿ.

ಇಲ್ಲಿ ಗುಳಿಗೆ ಕೊಡುವ ಮೊದಲು ಚೀಟಿ ಪೂರ್ತಿ ಓದುತ್ತಾರೆ, "ಮತ್ತೇನು ತಗೋತೀರಿ?" ಅಂತ ಕೇಳುತ್ತಾರೆ. ವಿಟಮಿನ್ ಕೆ ಇರುವ ಮೆಂತ್ಯ, ರಾಜಗಿರಿ ಪಲ್ಯ ಬಿಡಬೇಡಿ, ಒಂದು ವಾರ ಜಾಸ್ತಿ ಒಂದು ವಾರ ಇಲ್ಲ ಅಂತ ಮಾಡಬೇಡಿ ಅಂತ ಅವ್ವನಿಗೆ ತಿಳಿಸಿದವರೂ ಇವರೇ. ಈಗ ಮೊಣಕಾಲು ನೋವಿಗೆ ಡಾಕ್ಟರ್ ಹೇಳಿದಷ್ಟೇ ಪ್ಯಾರಾಸಿಟಮಾಲ್. ಅದನ್ನೂ ನಾಲ್ಕು ದಿನ ಬಿಡದೆ ತಗೊಂಡರೆ ಐಎನ್‌ಆರ್ ನೋಡಿಸಿ ಅಂತಾರೆ.

ರಿಯಾಯಿತಿ ಕೊಡುವುದಿಲ್ಲ. ಕೂರಲು ಜಾಗವಿಲ್ಲ, ಸಂಜೆ ಗದ್ದಲ ಜಾಸ್ತಿ. ಅಸಿನೊಕೌಮರಾಲ್ 1 ಮಿಲಿಗ್ರಾಂ ಗುಳಿಗೆ ಕೆಲವೊಮ್ಮೆ ಮರುದಿನ ಬರುತ್ತದೆ, ಹಾಗಾಗಿ ಐದು ದಿನದ್ದು ಉಳಿದಿರುವಾಗಲೇ ಹೋಗಿ.