ಇಎಚ್‌ಸಿ ಪ್ಲಾನ್: ಕಾನೂನಿಗೆ ಪೂರ್ತಿ ಅಂಕ, ಕೈಗೆ ಬರುವ ಕರಡು ಪ್ಲಾನ್‌ಗೆ ಅರ್ಧ

ವಿಶೇಷ ಅಗತ್ಯದ ಮಗುವಿಗೆ ಶಾಲೆ ತಾನಾಗಿ ಕೊಡುವ ನೆರವು ಸಾಲದಾದಾಗ ಇಂಗ್ಲೆಂಡಿನ ಕೌನ್ಸಿಲ್‌ಗಳು (ಸ್ಥಳೀಯ ಆಡಳಿತಗಳು) ಮಾಡಿಕೊಡುವ ದಾಖಲೆ ಇಎಚ್‌ಸಿ ಪ್ಲಾನ್, ಅಂದರೆ ಶಿಕ್ಷಣ, ಆರೋಗ್ಯ, ಆರೈಕೆಯ ಯೋಜನೆ. 2014ರ ಕಾಯ್ದೆಯಿಂದ ಬಂದದ್ದು, 25 ವರ್ಷದವರೆಗೂ ಸಿಗಬಹುದು. ವೇಲ್ಸ್, ಸ್ಕಾಟ್ಲೆಂಡ್‌ಗಳ ವ್ಯವಸ್ಥೆಯೇ ಬೇರೆ.

ಪ್ರತಿ ಕೌನ್ಸಿಲ್ ‘ಲೋಕಲ್ ಆಫರ್’ ಹೆಸರಿನಲ್ಲಿ ಸ್ಥಳೀಯ ಸೇವೆಗಳ ವಿವರ ಪ್ರಕಟಿಸಲೇಬೇಕು. ಎಷ್ಟೋ ಕಡೆ ಅದು ಹಳೆಯ ಟೆಲಿಫೋನ್ ಡೈರೆಕ್ಟರಿಯ ಹಾಗೆ. ಅದರಲ್ಲಿ ಸೆಂಡಿಯಾಸ್ ಎಂಬ ಉಚಿತ ಸಲಹಾ ಸೇವೆಯ ನಂಬರ್ ಸಿಕ್ಕಿದರೆ ಬಂದ ಕೆಲಸ ಆಯಿತು.

ಅರ್ಜಿಗೆ ಶಾಲೆಯ ಒಪ್ಪಿಗೆ ಬೇಕಿಲ್ಲ, ತಂದೆತಾಯಿಯರೇ ಬರೆಯಬಹುದು. ಮಗುವಿಗೆ ವಿಶೇಷ ಶೈಕ್ಷಣಿಕ ಅಗತ್ಯ ಇದೆ ಅಥವಾ ಇರಬಹುದು, ಅದಕ್ಕೆ ಪ್ಲಾನ್ ಮೂಲಕವೇ ನೆರವು ಬೇಕಾಗಬಹುದು: ಕಾನೂನು ಕೇಳುವುದು ಇಷ್ಟನ್ನೇ. ‘ಮೊದಲು ಡಯಾಗ್ನೋಸಿಸ್ ತನ್ನಿ’, ‘ಶಾಲೆ 6,000 ಪೌಂಡ್ ಖರ್ಚು ಮಾಡಿ ತೋರಿಸಲಿ’ ಎಂದು ಯಾರಾದರೂ ಹೇಳಿದರೆ ಅದು ಕಾನೂನಲ್ಲ. ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳಿಗೆ ಇನ್ನೊಂದು ಮಾತು. ಮನೆಭಾಷೆ ಬೇರೆ ಎಂಬ ಒಂದೇ ಕಾರಣಕ್ಕೆ ಮಗುವಿಗೆ ಕಲಿಕೆಯ ತೊಂದರೆ ಇದೆ ಎನ್ನುವ ಹಾಗಿಲ್ಲ. ಆದರೆ ನಿಜವಾದ ತೊಂದರೆಯನ್ನೂ ‘ಇಂಗ್ಲಿಷ್ ಬಂದರೆ ಸರಿಹೋಗುತ್ತದೆ’ ಎಂದು ತಳ್ಳಿಹಾಕುವುದುಂಟು. ಕನ್ನಡದಲ್ಲೂ ಮಾತು ತಡವಾಗಿದೆಯೇ ಎಂಬುದನ್ನು ಉದಾಹರಣೆ ಕೊಟ್ಟು ಬರೆಯಿರಿ, ಮೌಲ್ಯಮಾಪನಕ್ಕೆ ದುಭಾಷಿಯನ್ನು ಕೇಳಿ.

ಮೌಲ್ಯಮಾಪನ ಮಾಡುತ್ತಾರೋ ಇಲ್ಲವೋ ಎಂದು ತಿಳಿಸಲು 6 ವಾರ, ಅಂತಿಮ ಪ್ಲಾನ್‌ಗೆ ಒಟ್ಟು 20 ವಾರ. ಸೇವೆ ಎಡವುವುದು ಇಲ್ಲಿಯೇ: 2023ರಲ್ಲಿ ಹೊಸ ಪ್ಲಾನ್‌ಗಳಲ್ಲಿ ಸುಮಾರು ಅರ್ಧ ಮಾತ್ರ 20 ವಾರದೊಳಗೆ ಬಂದವು. ಶೈಕ್ಷಣಿಕ ಮನಶ್ಶಾಸ್ತ್ರಜ್ಞರ ಕೊರತೆಯೇ ದೊಡ್ಡ ಅಡ್ಡಿ.

ತಡವನ್ನಾದರೂ ಸಹಿಸಬಹುದು, ಜೊಳ್ಳು ಭಾಷೆಯನ್ನಲ್ಲ. ಪ್ಲಾನ್‌ನಲ್ಲಿ ಎ ಯಿಂದ ಕೆ ವರೆಗೆ ವಿಭಾಗಗಳಿವೆ. ಜೀವ ಇರುವುದು ಎಫ್‌ನಲ್ಲಿ, ಏಕೆಂದರೆ ಅಲ್ಲಿ ಬರೆದ ಶೈಕ್ಷಣಿಕ ನೆರವನ್ನು ಕೌನ್ಸಿಲ್ ಕೊಡಲೇಬೇಕು. ‘ಸ್ಪೀಚ್ ಥೆರಪಿಗೆ ಅವಕಾಶ ಇರುತ್ತದೆ’, ‘ನಿಯಮಿತ ಬೆಂಬಲ’, ‘ಅಗತ್ಯಕ್ಕೆ ತಕ್ಕಂತೆ’ ಇವೆಲ್ಲ ಓದಲು ಚಂದ, ಆದರೆ ವರ್ಷಕ್ಕೆ ಒಂದೇ ಸಲ ಥೆರಪಿಸ್ಟ್ ಬಂದು ಹೋದರೂ ತಪ್ಪು ಎಂದು ಸಾಧಿಸಲಾಗದು. ‘ಸ್ಪೀಚ್ ಥೆರಪಿಸ್ಟ್‌ರಿಂದ ವಾರಕ್ಕೊಮ್ಮೆ 45 ನಿಮಿಷ, ಮಗುವಿಗೆ ಪ್ರತ್ಯೇಕವಾಗಿ, ತರಬೇತಾದ ಸಹಾಯಕರಿಂದ ದಿನಕ್ಕೆ 15 ನಿಮಿಷ ಅಭ್ಯಾಸ’ ಎಂದಿದ್ದರೆ ಲೆಕ್ಕ ಕೇಳಬಹುದು. ಯಾರು, ಎಷ್ಟು ಹೊತ್ತು, ಎಷ್ಟು ಸಲ, ಒಬ್ಬರಿಗೋ ಗುಂಪಿಗೋ: ಈ ನಾಲ್ಕೂ ಇರಬೇಕು.

ಬಹಳ ಸಲ ಮೌಲ್ಯಮಾಪನಕ್ಕೆ ತಜ್ಞರು ಬರೆದ ಮೂಲ ವರದಿಯೇ ತೆಳುವಾಗಿರುತ್ತದೆ. ಹಾಗಾಗಿ ವರದಿ ಕೈಗೆ ಬಂದ ದಿನವೇ ಬರೆದವರಿಗೆ ‘ವಾರಕ್ಕೆ ಎಷ್ಟು ಗಂಟೆ?’ ಎಂದು ಇಮೇಲ್ ಹಾಕಿ, ಕರಡು ಪ್ಲಾನ್‌ಗೆ ಕಾಯಬೇಡಿ. ಕರಡಿಗೆ ಉತ್ತರಿಸಲು ಸಿಗುವುದು ಕನಿಷ್ಠ 15 ದಿನ, ಹೆಚ್ಚು ದಿನ ಕೇಳದಿದ್ದರೆ ಅಷ್ಟೇ. ಬಿ ವಿಭಾಗದ ಪ್ರತಿ ತೊಂದರೆಗೂ ಎಫ್‌ನಲ್ಲಿ ಜೋಡಿ ಸಾಲು ಇದೆಯೇ ಎಂದು ಬಣ್ಣದ ಪೆನ್ನಿನಿಂದ ಗುರುತಿಸಿ. ಜೋಡಿ ಸಿಗದ ಸಾಲುಗಳೇ ನಿಮ್ಮ ತಕರಾರಿನ ಪಟ್ಟಿ. ಜಿ ವಿಭಾಗದ ಮೇಲೂ ಕಣ್ಣಿರಲಿ. ಅದು ಆರೋಗ್ಯ ಸೇವೆಗೆ. ಮಗುವಿಗೆ ಕಲಿಸುವ ಥೆರಪಿ ಕಾನೂನಿನ ಪ್ರಕಾರ ಶೈಕ್ಷಣಿಕ ನೆರವು, ಅದರ ಜಾಗ ಎಫ್. ಜಿ ಗೆ ಜಾರಿದರೆ ಕೌನ್ಸಿಲ್‌ನ ಹೊಣೆ ಕಳಚಿತು.

ಒಪ್ಪಿಗೆಯಾಗದಿದ್ದರೆ ಟ್ರಿಬ್ಯೂನಲ್ (ನ್ಯಾಯಮಂಡಳಿ), ಶುಲ್ಕವಿಲ್ಲ. ಮೇಲ್ಮನವಿಯ ಗಡುವು ಕೌನ್ಸಿಲ್‌ನ ತೀರ್ಮಾನದ ಪತ್ರದ ದಿನದಿಂದ 2 ತಿಂಗಳು ಅಥವಾ ಮಧ್ಯಸ್ಥಿಕೆ ಪ್ರಮಾಣಪತ್ರದಿಂದ 1 ತಿಂಗಳು, ಯಾವುದು ತಡವೋ ಅದು. ಮಧ್ಯಸ್ಥಿಕೆಗೆ ಕೂರಲೇಬೇಕೆಂದಿಲ್ಲ, ಸಲಹೆಗಾರರೊಂದಿಗೆ ಒಂದು ಫೋನ್ ಮಾತುಕತೆಯಾದರೆ ಪ್ರಮಾಣಪತ್ರ ಸಿಗುತ್ತದೆ. ಶಾಲೆಯ ಆಯ್ಕೆಯೊಂದೇ ತಕರಾರಾದರೆ ಆ ಪ್ರಮಾಣಪತ್ರವೂ ಬೇಡ.

ವರ್ಷಕ್ಕೊಮ್ಮೆ ಮರುಪರಿಶೀಲನೆ ಇದ್ದೇ ಇರುತ್ತದೆ. ತಪ್ಪಿಹೋದ ಥೆರಪಿಗಳ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಸಭೆಗೆ ಒಯ್ಯಿರಿ. ಸಭೆಯಾದ 4 ವಾರದೊಳಗೆ ಕೌನ್ಸಿಲ್ ತನ್ನ ತೀರ್ಮಾನ ಬರೆದು ತಿಳಿಸಬೇಕು.